ಭತ್ತ ಕಾಯುವ ಕ್ಯಾಮೆರಾಗಳು

ಹೊನ್ನಾಳಿ
ಮೇ ೧೮, ೨೦೨೫

ಮುನಿಸಿಕೊಂಡು ತವರು ಸೇರಿರುವ ನನ್ನ ಯಜಮಾನರಾದ ಗುರುಸ್ವಾಮಿಯವರಿಗೆ,

ಸುಧಾಳ ನಮಸ್ಕಾರ. ಹೆಂಡತಿ ತವರಿಗೆ ಹೋಗುವುದನ್ನು ಈ ಊರು ಕಂಡಿದೆ. ಪಿ.ಟಿ. ಮೇಷ್ಟ್ರು ಗಂಟುಮೂಟೆ ಕಟ್ಟಿಕೊಂಡು ಜಗಳೂರಿಗೆ, ಅಮ್ಮನ ಮನೆಗೆ ಹೋದದ್ದು ಇದೇ ಮೊದಲು. ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಪತ್ರ. ಅಲ್ಲಿಗೇ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದೀರಂತೆ, ಶುಕ್ರವಾರ ಕೊನೆಯ ದಿನವಂತೆ. ದುರುಗಕ್ಕ ಅತ್ತೆ ಹೇಳಿದರು. ಕೊಡುವ ಮುನ್ನ ಇದನ್ನು ಓದಿ.

ತಪ್ಪೆಲ್ಲ ನನ್ನದೇ ಎಂದು ಒಪ್ಪುವುದಿಲ್ಲ. ಕ್ರೀಡಾಂಗಣಕ್ಕೆ ಕ್ಯಾಮೆರಾ ಹಾಕುವ ಕೆಲಸ ನನ್ನ ಅಂಗಡಿಗೆ ಸಿಕ್ಕಿತ್ತು. ಕಂಬಕ್ಕೇರಿಸುವ ಮೊದಲು ಒಂದನ್ನು ಪರೀಕ್ಷಿಸಬೇಕಿತ್ತು, ನಮ್ಮ ಅಡುಗೆಮನೆಯಲ್ಲಿ ಹಾಕಿದೆ. ಕ್ರೀಡಾಂಗಣದ ಏಣಿಯ ಮೇಲಿಂದಲೇ ಮೊಬೈಲಿನಲ್ಲಿ ನೋಡಿ, ನಿಮಗೆ ಫೋನ್ ಮಾಡಿ ಹಾಲು ಉಕ್ಕುತ್ತಿದೆ ಎಂದದ್ದು ಉಪಕಾರ. ಎರಡನೇ ಸಲ ಸಕ್ಕರೆ ಡಬ್ಬಿಗೆ ಕೈ ಹಾಕಿದಿರಿ ಎಂದದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು.

ಕ್ರೀಡಾಂಗಣದ ನಕ್ಷೆಗೆ ಒಂದು ತಿಂಗಳು ಕೂತಿದ್ದೆ. ಹದಿನಾರು ಕ್ಯಾಮೆರಾ. ಸಂಜೆಯ ಬಿಸಿಲು ಎದುರಿಗೆ ಹೊಡೆಯಬಾರದು, ಗ್ಯಾಲರಿಯ ಹಿಂದಿನ ಒಂದು ಮೂಲೆಯೂ ತಪ್ಪಬಾರದು. ಎಲ್ಲ ಯೋಚಿಸಿದ್ದೆ, ಇದು ಬೇಸಿಗೆ ಭತ್ತದ ಕೊಯ್ಲಿನ ಹೊತ್ತು ಎಂಬುದೊಂದನ್ನು ಬಿಟ್ಟು. ಕ್ಯಾಮೆರಾ ಬಂದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರಸ್ತೆಯಲ್ಲಿ ಭತ್ತ ಒಣಗಿಸುತ್ತಿದ್ದವರೆಲ್ಲ ತಾಡಪಾಲು ಹೊತ್ತು ಓಟದ ಹಾದಿಗೆ ಬಂದರು. ಇಲ್ಲಿ ಕಳ್ಳರ ಭಯವಿಲ್ಲವಂತೆ. ಸಾಸ್ವೆಹಳ್ಳಿಯಿಂದಲೂ ಟ್ರ್ಯಾಕ್ಟರ್ ಬಂತು. ಕಸ್ತೂರಮ್ಮ ಎಂಬಾಕೆ ನನ್ನ ಏಣಿ ಹಿಡಿದು, ನಮ್ ಭತ್ತ ಅದ್ರಾಗೆ ಕಾಣಾಕಿಲ್ಲ, ಚೂರು ಈ ಕಡೆ ತಿರುಗಿಸ್ರಿ ಅಂದರು. ತಿರುಗಿಸಿದೆ. ಏಣಿ ಅವರ ಕೈಯಲ್ಲಿತ್ತು.

ಪರಿಶೀಲನೆಗೆ ಬಂದ ಅಧಿಕಾರಿ ತಿಪ್ಪೇಶಪ್ಪನವರು ಗ್ಯಾಲರಿ ಕೆಳಗಿನ ಕೋಣೆಯಲ್ಲಿ ಪರದೆ ನೋಡಿ, ಇದೇನಮ್ಮ, ಕ್ರೀಡಾಂಗಣಾನೋ ಕಣಾನೋ ಅಂತ ಕೇಳಿದರು. ಹದಿನಾರು ಚೌಕದಲ್ಲಿ ಹನ್ನೊಂದರ ತುಂಬ ಭತ್ತ. ಕೆಲಸ ಕೆಟ್ಟಿತು ಅಂದುಕೊಂಡೆ. ಅವರು ಆ ಕಡೆ ಈ ಕಡೆ ನೋಡಿ, ನಮ್ಮತ್ತೇರ್ದು ಹತ್ತು ಚೀಲ ಐತೆ, ಯಾವ ಕ್ಯಾಮೆರಾ ಕೆಳಗೆ ಹಾಕಿದ್ರೆ ಚೆನ್ನಾಗಿ ಕಾಣ್ತೈತೆ ಅಂತ ಮೆತ್ತಗೆ ವಿಚಾರಿಸಿದರು. ಐದನೆಯದು ಎಂದೆ. ಸಹಿ ಬಿತ್ತು.

ಅವರು ಹೋದ ಮೇಲೆ ಕಸ್ತೂರಮ್ಮ ಒಳಗೆ ಬಂದರು. ಪರದೆಯಲ್ಲಿ ತಮ್ಮ ಭತ್ತ ಕಂಡು ಹಿಗ್ಗಿದರು. ನಾನು ಜಂಬಕ್ಕೆ ಹಿಂದಿನ ದಿನದ ರೆಕಾರ್ಡಿಂಗನ್ನೂ ತೋರಿಸಿದೆ. ಅದರಲ್ಲಿ ಆಕೆ ಚೀಲಕ್ಕೊರಗಿ, ಸೆರಗು ಸರಿದು, ಬಾಯಿ ತೆರೆದು ನಿದ್ದೆ ಹೋಗಿದ್ದರು. ಆಕೆಯ ಮುಖ ಸಣ್ಣದಾಯಿತು. ಕಾಳು ನೋಡಾಕೆ ಅಲ್ವೇನವ್ವ ಇದನ್ನ ಇಟ್ಟಿದ್ದು, ನನ್ನನ್ನ ಯಾಕೆ ನೋಡ್ತಿ ಅಂದವರೇ, ಅರೆಬರೆ ಒಣಗಿದ ಭತ್ತ ಬಳಿದುಕೊಂಡು ಹೊರಟುಹೋದರು.

ನನಗೆ ನಾಚಿಕೆಯಾಯಿತು. ಸಕ್ಕರೆ ಡಬ್ಬಿಯ ದಿನ ನಿಮ್ಮ ಮುಖವೂ ಹಾಗೇ ಆಗಿತ್ತು, ನಾನು ನಕ್ಕಿದ್ದೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಕ್ಯಾಮೆರಾ ಕಿತ್ತೆ. ಅದರಲ್ಲಿದ್ದುದನ್ನೆಲ್ಲ ಅಳಿಸಿದೆ. ಇನ್ನು ಬೈಯುವುದಿದ್ದರೆ ಎದುರಿಗೇ ನಿಂತು ಬೈಯುತ್ತೇನೆ. ನೀವಿಲ್ಲದ ಮನೆ ನನಗೆ ಬೇಡ. ಆ ಅರ್ಜಿ ಹರಿದುಹಾಕಿ ಬನ್ನಿ.

ನಿಮ್ಮ,
ಸುಧಾ

ತಾ.ಕ.: ಎಲ್ಲ ಅಳಿಸಿದೆ ಅಂದದ್ದು ಸುಳ್ಳು. ನೀವು ಹೊರಟ ದಿನದ್ದನ್ನು ಇಟ್ಟುಕೊಂಡಿದ್ದೇನೆ. ಬ್ಯಾಗು ಹೆಗಲಿಗೇರಿಸಿ, ನನ್ನ ಪಾಲಿನ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಕ್ಯಾಮೆರಾ ಕಡೆ ತಿರುಗಿ ಏನೋ ಹೇಳುತ್ತೀರಿ. ಆ ಕ್ಯಾಮೆರಾಕ್ಕೆ ಕಿವಿಯಿಲ್ಲ. ಇಪ್ಪತ್ತು ಸಲ ನೋಡಿದೆ, ತಿಳಿಯಲಿಲ್ಲ. ಬೈದಿದ್ದರೂ ಸರಿ, ಬಂದು ಇನ್ನೊಮ್ಮೆ ಹೇಳಿ.