ರೇಡಿಯೇಟರಿನ ನೊರೆ

ಮುದಿ ಡೀಸೆಲ್ ಕಾರಿನ ಏಕಮಾತ್ರ ಸಾರಥಿಗಳೂ, ಅದನ್ನು ತಳ್ಳುವವರ ಚಕ್ರವರ್ತಿಗಳೂ ಆದ ದೊಡ್ಡಪ್ಪನವರ ದಿವ್ಯ ಪಾದಗಳಿಗೆ,

ರೇಡಿಯೇಟರಿನಲ್ಲಿ ನೊರೆ ಉಕ್ಕಿದ್ದು ಕಂಡು ಮೆಕ್ಯಾನಿಕ್, "ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆ ಸಾರ್, ನಾಳೆ ಇಂಜಿನ್ ಬಿಚ್ಚಲೇಬೇಕು" ಎಂದರಂತೆ. ನೀವು ಊಟ ಬಿಟ್ಟು ಬಾನೆಟ್ ಸವರುತ್ತ ಕೂತಿದ್ದೀರಂತೆ. "ನಂಗೆ ಜ್ವರ ಬಂದಾಗ ಈ ಮನುಷ್ಯ ಒಂದು ತುತ್ತೂ ಬಿಟ್ಟಿರಲಿಲ್ಲ" ಎಂದರು ದೊಡ್ಡಮ್ಮ.

ಬಿಚ್ಚುವ ಮೊದಲು ದಯವಿಟ್ಟು ಇಷ್ಟು ಪರೀಕ್ಷಿಸಿ. ಇಂಜಿನ್ ಆಯಿಲ್ ಹಾಲು ಬೆರೆತಂತೆ ಕಾಣದಿದ್ದರೆ ಅದಕ್ಕೆ ನೀರು ಸೇರಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರದಿದ್ದರೆ ಇನ್ನೂ ಸಮಾಧಾನ. ಕೊನೆಗೆ ಆ ನೊರೆಯನ್ನು ಮೂಸಿ ನೋಡಿ. ಸುಟ್ಟ ಡೀಸೆಲ್ ವಾಸನೆ ಬಂದರೆ ಮೆಕ್ಯಾನಿಕ್ ಹೇಳಿದ್ದು ಸರಿ. ನಿಂಬೆಹಣ್ಣಿನ ವಾಸನೆ ಬಂದರೆ ನೀರು ಬದಲಾಯಿಸಿದರೆ ಸಾಕು.

ಇತಿ ತಮ್ಮ ವಿಧೇಯ,
ತಮ್ಮನ ಮಗಳು

ಮರೆತಿದ್ದೆ: ಪಾತ್ರೆ ತೊಳೆಯುವ ಸೋಪು ಸುರಿದವಳು ನಾನೇ. ಕಾರಿನ ಹಿಂದೆ ಗುಳ್ಳೆಗಳು ಹಾರುತ್ತವೆ ಅಂದುಕೊಂಡಿದ್ದೆ.