ಮತ್ತೆ ಎದ್ದ ಮೊಳೆಗಳು

ಜೂನ್ ೧೪, ಶನಿವಾರ

ಹಾಳು ಮೊಳೆಗಳು ಮತ್ತೆ ಎದ್ದಿವೆ. ಹೋದ ವರ್ಷ ನಾನೇ ಬಡಿದು ಕೂರಿಸಿದ್ದೆ. ಈಗ ಚಾವಣಿಗೆ ಹೊದಿಸಿದ ಶಿಂಗಲ್ ಹಾಳೆಗಳನ್ನೇ ಎತ್ತಿ ನಿಂತಿವೆ. ಆ ಸಂದಿಯಿಂದ ಅತ್ತೆಯ ಮಂಚದ ಮೇಲೆ ನೀರು ತೊಟ್ಟಿಕ್ಕಿ, ಅವರು ವಾರದಿಂದ ಹಾಲ್‌ನಲ್ಲಿ ಮಲಗುತ್ತಿದ್ದಾರೆ. ನನ್ನ ಜೊತೆ ಮಾತೇ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ಬಡಗಿ ಕೆಲಸ ಮಾಡುವ ನಮ್ಮಕ್ಕನನ್ನು ಕರೆದೆ. ಏಣಿ ಹತ್ತಿ ನೋಡಿ ನಕ್ಕಳು.

“ಅದೇ ತೂತಿಗೆ ಹೊಡೆದ್ರೆ ಎಲ್ಲಿ ನಿಲ್ಲತ್ತೋ? ಹಲಗೆ ಹಿಡಿತ ಬಿಟ್ಟಿದೆ. ಕಿತ್ತು ಹಾಕು, ತೂತಿಗೆ ಟಾರು ಮೆತ್ತು, ಪಕ್ಕದಲ್ಲಿ ಹೊಸದು ಹೊಡಿ.”

ಹದಿನೇಳು ಮೊಳೆ. ಮೊದಲ ನಾಲ್ಕು ಅವಳದು, ಉಳಿದದ್ದು ನನ್ನದು. ಹೆಬ್ಬೆರಳು ಊದಿಕೊಂಡು ಪೆನ್ನು ಹಿಡಿಯಲೂ ಆಗುತ್ತಿಲ್ಲ.

ಊಟದ ಹೊತ್ತಿಗೆ ಮಳೆ ಸುರಿಯಿತು. ಹೆಂಡತಿ, ಅತ್ತೆ, ನಾನು ಮೂವರೂ ಆ ಕೋಣೆಯಲ್ಲಿ ಕತ್ತೆತ್ತಿ ನಿಂತೆವು. ಒಂದು ತೊಟ್ಟೂ ಬೀಳಲಿಲ್ಲ. ಅತ್ತೆ ಹೋಗಿ ದಿಂಬು ತಂದು ಮಂಚದ ಮೇಲಿಟ್ಟರು. ಸೋರುವ ನೀರಿಗೆಂದು ಇಟ್ಟಿದ್ದ ಬಕೆಟನ್ನು ಮಾತ್ರ ಹೊರಗೆ ಒಯ್ಯಲಿಲ್ಲ, ಕಾಲಿನಿಂದ ಮಂಚದಡಿ ತಳ್ಳಿದರು.

“ಇರ್ಲಿ ಅಳಿಯಂದ್ರೇ, ನಿಮ್ಮ ಸುತ್ತಿಗೆ ಕೆಲ್ಸ ನಂಗೊತ್ತು.”

ವಾರದ ಮೇಲೆ ಆಡಿದ ಮೊದಲ ಮಾತು! ನಗು ತಡೆಯಲಾಗಲಿಲ್ಲ. ಅವರಿಗೂ.

ಈಗ ಅವರ ಗೊರಕೆ ಕೇಳಿಸುತ್ತಿದೆ. ಬಕೆಟಿನ ಸದ್ದಿಲ್ಲ. ಮಳೆ ಇನ್ನೂ ಜೋರಾಗಿ ಸುರಿಯುತ್ತಿದೆ.