ಈಜುಕೊಳದ ರಿಜಿಸ್ಟರಿನಲ್ಲಿ ನಿನ್ನ ಕಾಲಮ್

ಪಂಪ್ ರೂಮ್,
ಬುಧವಾರ, ಬೆಳಿಗ್ಗೆ ಆರೂವರೆ

ಪ್ರೀತಿಯ ಮೊಂಡೀ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಿ ಕೇಳಿಯೇ ನಿನ್ನ ಪ್ರಾಣ ತಿಂದಿದ್ದೇನೆ. ಹತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ನಾನು ಯಾರಿಗೂ ಕಾಗದ ಬರೆದವನಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗು. ನೀನು ನಗುವುದಾದರೆ ಇನ್ನೂ ನಾಲ್ಕು ಪುಟ ಕೆದರುತ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೂರು ತಿಂಗಳ ಹಿಂದೆ ನೀನು ಬಂದು, ಡಾಕ್ಟರು ಖಿನ್ನತೆ ಅಂದ್ರು, ಮಾತ್ರೆ ಕೊಟ್ಟಿದ್ದಾರೆ ಎಂದೆಯಲ್ಲ, ಆಗ ನಾನು ದೊಡ್ಡ ಪಂಡಿತನ ಹಾಗೆ ವಿವರಿಸಿದೆ. ಮೆದುಳಿನಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇರುತ್ತೆ, ನಿನಗೆ ಅದು ಕಡಿಮೆಯಾಗಿದೆ, ನನ್ನ ಕೊಳದಲ್ಲಿ ಕ್ಲೋರಿನ್ ಕಡಿಮೆಯಾದ ಹಾಗೆ, ಹಾಕಿದರೆ ಮುಗೀತು, ಇಷ್ಟಕ್ಕೆಲ್ಲ ಅಳ್ತಾರೇನೇ ಎಂದೆ. ನೀನು ಮೂಗು ಒರೆಸಿಕೊಂಡು ನಕ್ಕೆ. ನಿನ್ನ ಅಣ್ಣ ಈಜುಕೊಳದ ನೀರು ನೋಡಿಕೊಳ್ಳುವವನು, ಮೆದುಳಿನ ಡಾಕ್ಟರಲ್ಲ ಎನ್ನುವುದು ಆಗ ನಮ್ಮಿಬ್ಬರಿಗೂ ಮರೆತೇ ಹೋಗಿತ್ತು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಇಲ್ಲಿ ನೀರು ಪರೀಕ್ಷೆ ಮಾಡಿ ರಿಜಿಸ್ಟರಿನಲ್ಲಿ ನಾಲ್ಕು ಅಂಕಿ ಬರೆಯುತ್ತೇನೆ. ಅದೇ ಹೊತ್ತಿಗೆ ನಿನಗೆ ಮೆಸೇಜು: ಮನಸ್ಸು ಹೇಗಿದೆ, ಇವತ್ತು ಹತ್ತಕ್ಕೆ ಎಷ್ಟು? ನೀನು ಕಳಿಸಿದ್ದನ್ನು ಅದೇ ಪುಟದ ಅಂಚಿನಲ್ಲಿ ಒಂದು ಗೀಟು ಎಳೆದು, ಐದನೇ ಕಾಲಮ್ ಮಾಡಿ ಬರೆಯುತ್ತಿದ್ದೆ. ಇದನ್ನು ನಿನಗೆ ಹೇಳಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಕನ್ನಡಕ ಏರಿಸಿಕೊಂಡು, ಈ ಮೂರು, ಮೂರು, ಎರಡು ಯಾವ ಕೊಳದ್ದು ಎಂದು ಕೇಳಿದರು. ಮನೆಯದು ಸಾರ್ ಎಂದೆ. ಮನೇಲೂ ಈಜುಕೊಳ ಇಟ್ಕೊಂಡಿದ್ದೀರೇನ್ರೀ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಎರಡು ವಾರವಾದರೂ ನಿನ್ನ ಅಂಕಿ ಏರಲಿಲ್ಲ. ಇನ್ನೂ ಮೂರೇನಾ, ಮಾತ್ರೆ ಸರಿಯಾಗಿ ತಗೊಳ್ತಿದ್ದೀಯ ತಾನೇ ಎಂದು ಕೇಳಿದೆ. ಮಾರನೇ ದಿನ ಐದು ಬಂತು. ಆಮೇಲೆ ಆರು, ಒಂದು ದಿನ ಎಂಟು. ನಾನು ಕುಣಿದಾಡಿಬಿಟ್ಟೆ. ನಿಮ್ಮ ಕಟ್ಟುಹಲ್ಲಿನ ಲ್ಯಾಬಿನಲ್ಲಿ ನಿನ್ನ ಪಕ್ಕದ ಮೇಜಿನ ಅಕ್ಕ ಮೊನ್ನೆ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಎಂಟು ಬಂದ ದಿನ ನೀನು ಕೆಲಸಕ್ಕೇ ಹೋಗಿರಲಿಲ್ಲವಂತೆ. ಹೊದ್ದು ಮಲಗಿದವಳು ಅಣ್ಣನಿಗೆ ಬೇಜಾರಾಗಬಾರದೆಂದು ಎಂಟು ಎಂದು ಒತ್ತಿದೆಯಲ್ಲ. ಮಾತ್ರೆಯ ಭಾರದ ಜೊತೆ ನನ್ನನ್ನು ಸಂತೋಷವಾಗಿಡುವ ಭಾರವನ್ನೂ ನಿನ್ನ ತಲೆಗೆ ಕಟ್ಟಿದೆ.

ಹತ್ತು ದಿನದ ಹಿಂದೆ ಬಂದದ್ದು ನಿನ್ನ ಕೊನೆಯ ಮೆಸೇಜು. ಸೆರೊಟೋನಿನ್ ಕಡಿಮೆಯಾಗಿ ಖಿನ್ನತೆ ಬರುತ್ತೆ ಅನ್ನೋದಕ್ಕೆ ಸರಿಯಾದ ಪುರಾವೆಯೇ ಇಲ್ವಂತೆ ಅಣ್ಣ, ಓದಿದೆ, ಮಾತ್ರೆ ಬಿಟ್ಟೆ, ಕಾಯಿಲೆಯೇ ಅಲ್ಲ ಅಂದ್ಮೇಲೆ ತಪ್ಪು ನಂದೇ ಎಂದಿದ್ದೆ. ಅವತ್ತಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ನಿನಗೆ ಹೇಳದೆ ನಿನ್ನೆ ನಿನ್ನ ಡಾಕ್ಟರ ಹತ್ತಿರ ಹೋಗಿದ್ದೆ. ಬೈಯುವುದಿದ್ದರೆ ಬೈ. ನಿಮ್ಮ ತಂಗಿ ವಿಷಯ ನಾನು ಏನೂ ಹೇಳೋ ಹಾಗಿಲ್ಲ, ಆದ್ರೆ ನೀವು ಹೇಳೋದನ್ನ ಕೇಳ್ತೀನಿ ಎಂದು ಡಾಕ್ಟರಮ್ಮ ಕುರ್ಚಿ ತೋರಿಸಿದರು.

ಕ್ಲೋರಿನ್ ಕಥೆಯೆಲ್ಲ ಹೇಳಿದೆ. ಅವರು ನಗಲಿಲ್ಲ. ಕೊರತೆ ಅನ್ನೋದು ತೀರಾ ಸರಳ ಮಾಡಿದ ಮಾತು, ನಾವೂ ಎಷ್ಟೋ ಜನ ಹಾಗೇ ಹೇಳ್ತಿದ್ವಿ ಎಂದರು. ಮೆದುಳಿನಲ್ಲಿ ಒಂದಲ್ಲ, ಹತ್ತಾರು ರಾಸಾಯನಿಕಗಳು ನರಕೋಶಗಳ ನಡುವೆ ಸುದ್ದಿ ಒಯ್ಯುತ್ತವಂತೆ. ಅದರ ಜೊತೆ ನಿದ್ದೆ, ಹುಟ್ಟಿನಿಂದ ಬಂದದ್ದು, ಬದುಕಿನಲ್ಲಿ ತಿಂದ ಪೆಟ್ಟು ಎಲ್ಲ ಹೆಣೆದುಕೊಂಡಿರುತ್ತದಂತೆ. ಮಾತ್ರೆ ಹೇಗೆ ಕೆಲಸ ಮಾಡುತ್ತದೆಂದು ಪೂರ್ತಿ ತಿಳಿದಿಲ್ಲ, ಆದರೂ ಬಹಳ ಜನಕ್ಕೆ ಗುಣ ಕೊಡುತ್ತದೆ, ವಾರಗಟ್ಟಲೆ ಬೇಕು, ಒಂದು ಹಿಡಿಸದಿದ್ದರೆ ಇನ್ನೊಂದಿದೆ, ಜೊತೆಗೆ ಕೂತು ಮಾತಾಡುವ ಚಿಕಿತ್ಸೆಯೂ ಇದೆ. ಥಟ್ಟನೆ ಬಿಟ್ಟರೆ ಮಾತ್ರ ತಲೆ ಸುತ್ತಬಹುದು, ಮೈ ಝುಮ್ಮೆನ್ನಬಹುದು, ಸಂಕಟ ಹೆಚ್ಚಾಗಬಹುದು. ಕಾರಣ ಒಂದೇ ಅಲ್ಲ ಅಂದ್ರೆ ಕಾಯಿಲೆಯೇ ಇಲ್ಲ ಅಂತಲ್ಲ ಎಂದು ಎರಡು ಸಲ ಹೇಳಿದರು.

ನೋಡು, ನನ್ನ ಕೆಲಸದಲ್ಲೇ ಇದು ನನಗೆ ಗೊತ್ತಿರಬೇಕಿತ್ತು. ಹೋದ ಬೇಸಿಗೆಯಲ್ಲಿ ಕ್ಲೋರಿನ್ ಸರಿಯಾಗೇ ಇದ್ದರೂ ನೀರು ಮಸುಕಾಯಿತು. ಫಿಲ್ಟರು ಕಟ್ಟಿಕೊಂಡಿತ್ತು, ಬಿಸಿಲು ಜೋರಿತ್ತು, ಜನ ಜಾಸ್ತಿಯಾಗಿದ್ದರು. ತಿಳಿಯಾಗಲು ಒಂದು ತಿಂಗಳು ಹಿಡಿಯಿತು. ಎಲ್ಲರನ್ನೂ ಬೈದೆ, ನೀರನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ. ನಿನ್ನ ವಿಷಯದಲ್ಲಿ ಅಷ್ಟು ಬುದ್ಧಿ ಯಾಕೆ ಬರಲಿಲ್ಲವೋ. ತಪ್ಪು ನಿನ್ನದಲ್ಲ ಕಣೇ. ಇನ್ನು ಬೆಳಗಿನ ಮೆಸೇಜು ಬರುವುದಿಲ್ಲ, ಆ ಕಾಲಮ್ಮಿಗೆ ಅಡ್ಡಗೀಟು ಹೊಡೆದಿದ್ದೇನೆ.

ಇವತ್ತು ನಾಲ್ಕು ಗಂಟೆಗೆ ಡಾಕ್ಟರು ನಿನಗೆ ಸಮಯ ಇಟ್ಟಿದ್ದಾರೆ. ನೀನು ಹೋಗಬೇಕು. ಇದೊಂದು ವಿಷಯದಲ್ಲಿ ನಾನು ನಿನಗಿಂತ ಮೊಂಡ.

ಇನ್ನೊಂದು ಪ್ರಶ್ನೆ ಇದೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ಹುಟ್ಟಿಸಿದ ಹಾಗಾಗುತ್ತೇನೋ ಎಂದು ಹೆದರಿದ್ದೆ. ಹಾಗೇನೂ ಆಗಲ್ಲ, ನೇರವಾಗಿ ಕೇಳಿ ಎಂದರು ಡಾಕ್ಟರು. ಕೇಳುತ್ತಿದ್ದೇನೆ. ಸಾಯಬೇಕು ಅಂತ ಅನ್ನಿಸುತ್ತಿದೆಯಾ? ಹೌದಾದರೆ ಹೌದು ಅನ್ನು. ನಾನು ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅಳಬಹುದು, ಅದೊಂದನ್ನು ಸಹಿಸಿಕೋ.

ನಿನಗೆ ಅಂಕಿ ಕೊಡಲು ಹೋದ ದಡ್ಡ,
ನಿನ್ನ ಅಣ್ಣ

ತಾ.ಕ.: ಇವತ್ತು ಬರೆದ ಕಾಗದ ಇವತ್ತೇ ಹೇಗೆ ಬಂತು ಎಂದುಕೊಂಡೆಯಾ? ಅರ್ಧ ಬಸ್ಸಿನಲ್ಲಿ ಬರೆದೆ, ಕೊನೆಯ ಪುಟವನ್ನು ನಿನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಬರೆದೆ. ಈಗ ತಾನೇ ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು, ಹೋದ ಜೀವ ಬಂದ ಹಾಗಾಯಿತು. ಇದನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತಿದ್ದೇನೆ. ಆ ಪ್ರಶ್ನೆಗೆ ಬರೆದು ಉತ್ತರ ಕೊಡಬೇಡ. ಮುಖ ತೊಳೆಯಬೇಡ, ಮನೆ ಗುಡಿಸಬೇಡ. ಚಿಲಕ ತೆಗೆ, ಸಾಕು.